ಟಚ್‌ಅಪ್ ಪೇಂಟ್ ಕಿಟ್: ಮೂರಡಿ ದೂರದಿಂದ ಸೂಪರ್, ಹತ್ರ ಬಂದು ಮಾತ್ರ ನೋಡ್ಬೇಡಿ

ಬಾನೆಟ್ ಮೇಲೆ ಕಲ್ಲು ಹೊಡ್ದು ಪೇಂಟ್ ಹಾರಿರೋ ಕಾರ್ ಇರೋರಿಗೆಲ್ಲ ಗೊತ್ತಿರತ್ತೆ, ಮೊದಲ್ನೇ ಚುಕ್ಕೆ ಬಿದ್ದಾಗ ಹೊಟ್ಟೆ ಚುರ್ ಅನ್ನತ್ತೆ, ಹತ್ತನೇದು ಬೀಳೋ ಹೊತ್ಗೆ ಕಣ್ಣೂ ಆಕಡೆ ಹೋಗಲ್ಲ. ನಾನೂ ಹಂಗೇ ಇದ್ದೆ. ಒಂದಿನ ಕಾರ್ ತೊಳೀತಿರ್ಬೇಕಾದ್ರೆ ಬಾನೆಟ್ ಮುಂದಿನ ಅಂಚಲ್ಲಿರೋ ಒಂದು ಚುಕ್ಕೆ ಕಂದು ಬಣ್ಣಕ್ಕೆ ತಿರುಗಿರೋದು ಕಾಣಿಸ್ತು, ಉಗುರಲ್ಲಿ ಕೆರೆದ್ರೆ ಪುಡಿ ಬಂತು. ತುಕ್ಕು! ಅವತ್ತು ರಾತ್ರಿ ಮೊಬೈಲ್ ಟಾರ್ಚ್ ಓರೆಯಾಗಿ ಹಿಡ್ಕೊಂಡು ಪೂರ್ತಿ ಕಾರ್ ಸುತ್ತು ಹಾಕಿ ಎಣಿಸಿದೆ. ಬಾನೆಟ್ ಮೇಲೆ 11, ಬಂಪರ್ ಮೇಲೆ 5, ಡ್ರೈವರ್ ಡೋರ್ ಅಂಚಲ್ಲಿ 1. ಈ ಕೊನೇದು ಕಲ್ಲಿಂದಲ್ಲ, ನಾನೇ ಗೋಡೆಗೆ ಬಡಿಸಿದ್ದು, ಮನೇಲಿ ಇನ್ನೂ ಒಪ್ಕೊಂಡಿಲ್ಲ.

17 ಚುಕ್ಕೆಗೋಸ್ಕರ ಬಾನೆಟ್ಟು ಬಂಪರ್ರು ಎರಡೂ ಪೂರ್ತಿ ಪೇಂಟ್ ಮಾಡ್ಸೋಕೆ ಮನಸ್ಸು ಬರ್ಲಿಲ್ಲ, ಅದಕ್ಕೆ ಆನ್‌ಲೈನಲ್ಲಿ ಒಂದು ಟಚ್‌ಅಪ್ ಕಿಟ್ ತರಿಸ್ದೆ. ಕಂಪನಿ ಹೆಸರು ಬರೆಯಲ್ಲ, ಕೆಳಗಡೆ ಸ್ವಲ್ಪ ಬೈದಿದೀನಿ ಅದಕ್ಕೆ. ಆದ್ರೆ ಈ ತರದ ಕಿಟ್ ಯಾವ್ದೇ ತಗೊಂಡ್ರೂ ಒಳಗಡೆ ಸಾಮಾನು ಹೆಚ್ಚುಕಮ್ಮಿ ಇದೇ ಇರತ್ತೆ, ಹಾಗಾಗಿ ನನ್ನ ಅನುಭವ ನಿಮಗೂ ಉಪಯೋಗಕ್ಕೆ ಬರ್ಬೋದು.

ಡಬ್ಬಿ ಒಳಗೆ ಏನೇನಿತ್ತು ಅಂದ್ರೆ, ಕಾರ್ ಕಲರ್‌ದು ಒಂದು ಸಣ್ಣ ಬಾಟ್ಲು (ಮುಚ್ಚಳಕ್ಕೇ ಬ್ರಷ್ ಅಂಟಿಸಿರೋದು), ಅದೇ ಕಲರ್‌ದು ಒಂದು ಪೆನ್, ಕ್ಲಿಯರ್ ಕೋಟ್ ಬಾಟ್ಲು (ಕಲರ್ ಮೇಲೆ ಹಚ್ಚೋ ಬಣ್ಣ ಇಲ್ಲದ ಪದರ), ಬೂದಿ ಬಣ್ಣದ ಪ್ರೈಮರ್ ಬಾಟ್ಲು (ಕಲರ್‌ಗಿಂತ ಮುಂಚೆ ಹಚ್ಚೋದು), ಆಲ್ಕೋಹಾಲ್ ವೈಪ್ ಎರಡು, ಅಂಗೈ ಅಗಲದ ವಾಟರ್ ಪೇಪರ್ (ನೀರು ಹಾಕಿ ಉಜ್ಜೋ ಉಪ್ಪುಕಾಗದ) ಒಂದು ತುಂಡು, ಆಮೇಲೆ ಭೂತಗನ್ನಡಿ ಇಲ್ದೆ ಓದೋಕಾಗ್ದಿರೋ ಒಂದು ಚೀಟಿ. ಕಲರ್ ಕೋಡ್ ನಾವೇ ನೋಡಿ ಕೊಡ್ಬೇಕು. ನನ್ನ ಕಾರಲ್ಲಿ ಡ್ರೈವರ್ ಡೋರ್ ತೆಗೆದ್ರೆ ಕಂಬದ ಮೇಲೆ ಸ್ಟಿಕ್ಕರ್ ಇದೆ, ಅದರಲ್ಲಿತ್ತು, ಕೆಲವು ಕಾರಲ್ಲಿ ಬಾನೆಟ್ ಒಳಗಡೆ ಪ್ಲೇಟ್ ಮೇಲಿರತ್ತೆ, ಕೆಲವದ್ರಲ್ಲಿ ಡಿಕ್ಕಿ ಒಳಗೆ. ಸುಮ್ನೆ "ಗ್ರೇ ಕಲರ್ ಕಾರ್" ಅಂತ ಆರ್ಡರ್ ಮಾಡ್ಬೇಡಿ, ಒಂದೇ ಕಂಪನೀಲಿ ನಾಲ್ಕೈದು ತರದ ಗ್ರೇ ಇರತ್ತೆ.

ನಾನು ಕಿಟ್ ತರಿಸಿದ್ದು ಕೇಳಿ ನಮ್ಮಣ್ಣ ನಕ್ಕ. "ಅಲ್ಲ ಕಣೋ, ಇದಕ್ಕೆಲ್ಲ ದುಡ್ಡು ಹಾಕ್ತೀಯಾ, ನೇಲ್ ಪಾಲಿಶ್ ಹಚ್ಚು ಸಾಕು." ಅವನ ಕಾರ್ ಹತ್ರ ಹೋಗಿ ನೋಡಿದ್ರೆ ಗೊತ್ತಾಗತ್ತೆ ಸಾಕೋ ಸಾಲ್ದೋ ಅಂತ. ಬಿಳಿ ಕಾರಿನ ಮೇಲೆ ಬಿಳಿ ನೇಲ್ ಪಾಲಿಶ್ ಹಚ್ಚಿದಾನೆ, ಈಗ ಅದು ಹಳದಿ ತಿರುಗಿ ಅಂಚಲ್ಲಿ ಎದ್ದು ಬಂದಿದೆ, ಉಗುರು ತಾಗಿಸಿದ್ರೆ ಸಿಪ್ಪೆ ತರ ಕಿತ್ತು ಬರತ್ತೆ. ಬಿಸಿಲಲ್ಲಿ ನಿಲ್ಲೋ ಕಬ್ಬಿಣದ ಮೇಲೆ ವರ್ಷಗಟ್ಲೆ ಕೂರ್ಲಿ ಅಂತ ಅದನ್ನ ಮಾಡಿರಲ್ಲ ಅಲ್ವಾ.

ಈಗ ಕೆಲ್ಸದ ವಿಷ್ಯ. ಒಂದು ಮಾತು ತಲೇಲಿ ಇಟ್ಕೊಂಡ್ರೆ ಇಡೀ ಕಿಟ್ ಅರ್ಥ ಆಗತ್ತೆ. ಕಾರಿನ ಪೇಂಟ್ ಅಂದ್ರೆ ಒಂದೇ ಪದರ ಅಲ್ಲ. ಕಾರ್ ಬಾಡೀನ ತೊಟ್ಟೀಲಿ ಮುಳುಗಿಸಿ ಕರೆಂಟ್ ಹಾಯಿಸಿ ಹಿಡಿಸೋ ಇ-ಕೋಟ್ ಕೆಳಗಡೆ, ಅದರ ಮೇಲೆ ಪ್ರೈಮರ್, ಅದರ ಮೇಲೆ ಕಲರ್ ಇರೋ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್. ಇಷ್ಟೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದ್ರೆ ಒಂದೆರಡು ತಲೆಕೂದ್ಲು ಒಂದರ ಮೇಲೊಂದು ಇಟ್ಟಷ್ಟು ದಪ್ಪ ಅಷ್ಟೇ. ಕಲ್ಲು ಹೊಡೆದಿರೋ ಗುಂಡಿ ಆಳನೂ ಅಷ್ಟೇ. ಆ ಗುಂಡಿಗೆ ಬಾಟ್ಲು ಬ್ರಷ್ಷಲ್ಲಿ ಒಂದ್ಸಲ ಅದ್ದಿ ಹಚ್ಚಿದ್ರೆ ಏನಾಗ್ಬೋದು ಯೋಚ್ನೆ ಮಾಡಿ.

ನಾನು ಯೋಚ್ನೆ ಮಾಡ್ಲಿಲ್ಲ. ಮೊದಲ್ನೇ ಚುಕ್ಕೆಗೆ ಚೀಟೀಲಿ ಹೇಳ್ದಂಗೆ ಬ್ರಷ್ ಅದ್ದಿ ಹಚ್ಚಿದೆ, ಮುಖದ ಮೇಲೆ ಮೊಡವೆ ಎದ್ದಂಗೆ ಎದ್ದು ಕೂತ್ಕೊಳ್ತು. ಗುಂಡಿ ಇದ್ದಾಗ್ಲೇ ಚೆನ್ನಾಗಿತ್ತು ಅನ್ನೋ ಪರಿಸ್ಥಿತಿ. ಸರಿ ಅಂತ ಪೆನ್ ತಗೊಂಡೆ, ಅದರ ನಿಬ್ ಮಾರ್ಕರ್ ಪೆನ್ ತರ ದಪ್ಪ, ಗುಂಡಿ ಅಗಲ ಸಾಸಿವೆ ಕಾಳಷ್ಟು, ನಿಬ್ ಅಗಲ ಅದರ ಎರಡರಷ್ಟು, ಒತ್ತಿದ್ರೆ ಭುಳಕ್ ಅಂತ ಪೇಂಟ್ ಬಂದು ಸುತ್ತ ಇರೋ ಒಳ್ಳೇ ಪೇಂಟ್ ಮೇಲೆಲ್ಲ ಹರೀತು. ಕಿಟ್ ಮಾಡಿರೋರು ಒಂದ್ಸಲಾನಾದ್ರೂ ತಮ್ಮ ಕಾರ್ ಮೇಲೆ ಹಚ್ಚಿ ನೋಡಿದಾರಾ ಅಂತ ಅನುಮಾನ. ಪೆನ್ನಿಗೆ ನನ್ನ ಮಾರ್ಕ್ಸ್ ಸೊನ್ನೆ.

ಕೊನೆಗೆ ಕೆಲ್ಸಕ್ಕೆ ಬಂದಿದ್ದು ಹಲ್ಲುಕಡ್ಡಿ. ಬಾಟ್ಲನ್ನ ಎರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ (ಒಳಗಡೆ ಗುಂಡು ಇದೆ, ಟಕಟಕ ಅನ್ನತ್ತೆ, ಅದು ಸಲೀಸಾಗಿ ಓಡಾಡೋ ತನಕ ಅಲ್ಲಾಡಿಸಿ, ಇಲ್ಲಾಂದ್ರೆ ಮೆಟಾಲಿಕ್ ಪುಡಿ ಎಲ್ಲಾ ತಳದಲ್ಲೇ ಕೂತು ಬರೀ ನೀರು ನೀರು ಬಣ್ಣ ಬರತ್ತೆ), ಮುಚ್ಚಳದ ಒಳಗಡೆ ಒಂದು ಹನಿ ಬಿಟ್ಕೊಂಡು, ಹಲ್ಲುಕಡ್ಡಿ ತುದಿ ಅದಕ್ಕೆ ತಾಗಿಸಿ, ಆ ತುದೀನ ಗುಂಡಿ ಮಧ್ಯಕ್ಕೆ ಸುಮ್ನೆ ಮುಟ್ಟಿಸ್ಬೇಕು. ಬಳಿಯೋದಲ್ಲ, ಮುಟ್ಟಿಸೋದು. ಪೇಂಟ್ ತಾನಾಗೇ ಇಳ್ದು ಗುಂಡಿ ಅಂಚಿನವರ್ಗೂ ಹರ್ಕೊಂಡು ಅಲ್ಲೇ ನಿಲ್ಲತ್ತೆ. ಇದನ್ನ ಮೊದಲ್ನೇ ಸಲ ಕಣ್ಣಾರೆ ನೋಡ್ದಾಗ ಆದ ಖುಷಿ ಇದೆಯಲ್ಲ, ಒಂದು ಹನಿ ಬಣ್ಣ ಇಷ್ಟು ಖುಷಿ ಕೊಡತ್ತೆ ಅಂತ ಗೊತ್ತಿರ್ಲಿಲ್ಲ. ಒಣಗಿದ್ಮೇಲೆ ಅದು ಕುಗ್ಗತ್ತೆ, ಮತ್ತೆ ತಗ್ಗು ಕಾಣತ್ತೆ, ಅರ್ಧ ಗಂಟೆ ಬಿಟ್ಟು ಇನ್ನೊಂದು ಹನಿ, ಮತ್ತೆ ಅರ್ಧ ಗಂಟೆ ಬಿಟ್ಟು ಇನ್ನೊಂದು. ನನ್ನ ಬಾನೆಟ್ ಚುಕ್ಕೆಗಳಿಗೆ ಮೂರರಿಂದ ನಾಲ್ಕು ಸಲ ಬೇಕಾಯ್ತು. ಹೊರಗಿನ ಮಟ್ಟಕ್ಕಿಂತ ಒಂಚೂರು ಕೆಳಗಡೆ ಇರೋವಾಗ್ಲೇ ಕಲರ್ ನಿಲ್ಲಿಸ್ಬೇಕು, ಕ್ಲಿಯರ್ ಕೋಟಿಗೂ ಜಾಗ ಬೇಕಲ್ಲ.

ಮೊಡವೆ ಕಥೆ ಏನಾಯ್ತು ಅಂದ್ರೆ, ಹಸಿ ಇದ್ದಾಗ್ಲೇ ಬಟ್ಟೆಗೆ ಒಂಚೂರು ಥಿನ್ನರ್ ಹಾಕಿ ಒರೆಸ್ದೆ, ಹೋಯ್ತು. ಫ್ಯಾಕ್ಟರೀಲಿ ಬೇಯಿಸಿ ಗಟ್ಟಿ ಮಾಡಿರೋ ಕ್ಲಿಯರ್ ಕೋಟ್ ಒಂದ್ಸಲ ಬೇಗ ಒರೆಸಿದ್ರೆ ತಡ್ಕೊಳತ್ತೆ, ಆದ್ರೆ ಹಿಂದೆ ಯಾವಾಗಾದ್ರೂ ಹೊರಗಡೆ ಪೇಂಟ್ ಮಾಡಿಸಿರೋ ಪ್ಯಾನೆಲ್ ಆದ್ರೆ ಹುಷಾರು, ಯಾವ ಪೇಂಟ್ ಹೊಡೆದಿರ್ತಾರೋ ಗೊತ್ತಿರಲ್ಲ, ಥಿನ್ನರ್ ತಾಗಿದ್ರೆ ಅದೂ ಕರಗಿ ಬರ್ಬೋದು. ಕಾಣದಿರೋ ಮೂಲೇಲಿ ಒಂದ್ಸಲ ಒರೆಸಿ ನೋಡಿ. ಹೆಡ್‌ಲೈಟ್ ಗ್ಲಾಸ್ ಹತ್ರ ಅಂತೂ ಥಿನ್ನರ್ ಬಾಟ್ಲು ತರ್ಲೇಬೇಡಿ, ಗ್ಲಾಸ್ ಅಂತ ಕರೆದ್ರೂ ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್, ಹನಿ ಬಿದ್ರೆ ಬಿರುಕು ಬಿರುಕಾಗಿ ಮಬ್ಬಾಗತ್ತೆ.

ಹಾಂ, ಹಚ್ಚೋಕೆ ಮುಂಚೆ ಮಾಡೋ ಕೆಲ್ಸ ಹೇಳೋದೇ ಮರೆತೆ, ಅಸಲು ಮುಕ್ಕಾಲು ಕೆಲ್ಸ ಅದೇ. ಕಾರ್ ಶಾಂಪೂ ಹಾಕಿ ತೊಳೆದು, ಒಣಗಿಸಿ, ಆಮೇಲೆ ಪ್ರತಿ ಗುಂಡೀನೂ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸ್ಬೇಕು. ಕಿಟ್ಟಲ್ಲಿ ಕೊಟ್ಟಿರೋ ಎರಡು ವೈಪ್ ನಾಲ್ಕು ಚುಕ್ಕೆಗೆ ಮುಗ್ದೋಯ್ತು, ಒಂದು ಬಾಟ್ಲು ಬೇರೆ ತಂದೆ. ವ್ಯಾಕ್ಸೋ ಸಿಲಿಕಾನ್ ಪಾಲಿಶೋ ಒಂದು ಚೂರು ಉಳ್ಕೊಂಡಿದ್ರೂ ಪೇಂಟ್ ಅಲ್ಲಿ ನಿಲ್ಲಲ್ಲ, ಎಣ್ಣೆ ಮೇಲೆ ನೀರು ಬಿದ್ದಂಗೆ ಹಿಂದೆ ಸರ್ಕೊಂಡು ಮಧ್ಯದಲ್ಲಿ ತೂತು ಬಿಡತ್ತೆ, ಪೇಂಟರ್‌ಗಳು ಇದಕ್ಕೆ ಫಿಶ್ ಐ ಅಂತಾರೆ. ನನಗೆ ಒಂದು ಕಡೆ ಆಯ್ತು, ಒರೆಸಿ ಮತ್ತೆ ಮಾಡ್ದೆ.

ಪ್ರೈಮರ್ ಎಲ್ಲಾ ಚುಕ್ಕೆಗೂ ಬೇಡ. ಗುಂಡಿ ಒಳಗಡೆ ಟಾರ್ಚ್ ಬಿಟ್ಟು ನೋಡಿ, ಬೂದಿ ತರ ಮಂಕಾಗಿ ಕಂಡ್ರೆ ಫ್ಯಾಕ್ಟರಿ ಪ್ರೈಮರ್ ಇನ್ನೂ ಇದೆ, ನೇರ ಕಲರ್ ಹಚ್ಬೋದು. ಪಳ ಪಳ ಲೋಹ ಕಂಡ್ರೆ ಮಾತ್ರ ಪ್ರೈಮರ್. ನನ್ನ 11ರಲ್ಲಿ ಲೋಹ ಕಂಡಿದ್ದು ಬರೀ ಮೂರು, ಇನ್ನೊಂದು ತುಕ್ಕಿಂದು. ಚೀಟೀಲಿ ಈ ವಿಷ್ಯ ಒಂದಕ್ಷರ ಇಲ್ಲ, ಎಲ್ಲದಕ್ಕೂ ಹಚ್ಚಿ ಅಂದಿದಾರೆ, ಹಾಗೆ ಮಾಡಿದ್ರೆ ಅರ್ಧ ಗುಂಡಿ ಪ್ರೈಮರಲ್ಲೇ ತುಂಬೋಗತ್ತೆ, ಕಲರ್ ಮೇಲೆ ಗುಡ್ಡ ಆಗತ್ತೆ.

ತುಕ್ಕಿನ ಚುಕ್ಕೆಗೆ ಕಿಟ್ಟಲ್ಲಿ ಏನೂ ಇಲ್ಲ, ಇದು ನನ್ನ ದೊಡ್ಡ ಕಂಪ್ಲೇಂಟ್. ತುಕ್ಕಿನ ಮೇಲೇ ಪೇಂಟ್ ಹಚ್ಚಿದ್ರೆ ಕಾಯಿಲೆ ಮೇಲೆ ಕಂಬಳಿ ಹೊದಿಸಿದಂಗೆ, ಒಳಗಡೆ ಅದು ಬೆಳೀತಾನೇ ಇರತ್ತೆ, ಕೆಲವು ತಿಂಗಳಲ್ಲಿ ಪೇಂಟ್ ಗುಳ್ಳೆ ಎದ್ದು ಬರತ್ತೆ. ಸೂಜಿ ತುದಿಯಿಂದ ಕಂದು ಪುಡಿ ಎಲ್ಲಾ ಕೆರೆದು ತೆಗ್ದೆ, ಲೋಹದ ಹೊಳಪು ಕಾಣೋ ತನಕ, ಅಂಚಲ್ಲಿ ಪೇಂಟ್ ಸಡಿಲ ಆಗಿದ್ದಿದ್ದೂ ಕಿತ್ತೆ, ಇದ್ರಿಂದ ಗುಂಡಿ ಮೊದ್ಲಿಗಿಂತ ದೊಡ್ಡದಾಯ್ತು, ಎದೆ ಗಟ್ಟಿ ಮಾಡ್ಕೋಬೇಕು ಅಷ್ಟೇ. ಆಮೇಲೆ ಬೇರೆ ತಂದಿದ್ದ ರಸ್ಟ್ ಕನ್ವರ್ಟರ್ ಒಂದು ಹನಿ ಬಿಟ್ಟೆ. ಅದರಲ್ಲಿರೋ ಟ್ಯಾನಿಕ್ ಆಸಿಡ್ ಸಂದೀಲಿ ಉಳಿದಿರೋ ತುಕ್ಕಿನ ಜೊತೆ ಸೇರಿ ಕಪ್ಪು ಪದರ ಆಗತ್ತೆ, ಕಣ್ಣೆದುರಿಗೇ ಕಂದು ಹೋಗಿ ಕಪ್ಪಾಯ್ತು. ಒಂದು ದಿನ ಹಾಗೇ ಬಿಟ್ಟು ಆಮೇಲೆ ಪ್ರೈಮರ್. ಈಗ ಎಂಟು ತಿಂಗಳಾಯ್ತು, ಮಧ್ಯದಲ್ಲಿ ಒಂದು ಮಳೆಗಾಲಾನೂ ಕಳೀತು, ಆ ಜಾಗ ಹಾಗೇ ಇದೆ. ಆದ್ರೆ ನಿಮ್ಮ ಕಾರಲ್ಲಿ ಗುಂಡಿ ಸುತ್ತ ಪೇಂಟ್ ಆಗ್ಲೇ ಉಬ್ಬಿದ್ರೆ ಇದೆಲ್ಲ ಮಾಡಿ ಟೈಮ್ ಹಾಳು ಮಾಡ್ಕೋಬೇಡಿ, ತುಕ್ಕು ಪೇಂಟ್ ಕೆಳಗೆ ಹಬ್ಬಿದೆ ಅಂತ ಅರ್ಥ, ಪೇಂಟರ್ ಹತ್ರ ಹೋಗಿ.

ಬಂಪರ್ ಕಥೆ ಬೇರೆ. ಅದು ಪ್ಲಾಸ್ಟಿಕ್, ತುಕ್ಕಿನ ಭಯ ಇಲ್ಲ, ಹಾಗಾಗಿ ಉಡಾಫೆ ಮಾಡಿ ಒರೆಸಿ ನೇರ ಕಲರ್ ಹಚ್ಚಿದೆ. ಐದರಲ್ಲಿ ಎರಡು, ಮೊದಲ್ನೇ ಸಲ ಪ್ರೆಷರ್ ವಾಷರಲ್ಲಿ ತೊಳೆದಾಗ ಬಿಲ್ಲೆ ತರ ಹಾರಿ ಹೋದ್ವು. ಬರೀ ಪ್ಲಾಸ್ಟಿಕ್ಕಿಗೆ ಪೇಂಟ್ ಸರಿಯಾಗಿ ಹಿಡಿಯಲ್ಲ, ಅದಕ್ಕೆ ಅಂತಾನೇ ಅಡ್ಹೀಶನ್ ಪ್ರೊಮೋಟರ್ ಬರತ್ತೆ, ಅದು ಮೊದ್ಲು ಹಚ್ಚಬೇಕಿತ್ತು. ಇದೂ ಚೀಟೀಲಿಲ್ಲ. ಕಲ್ಲು ಜಾಸ್ತಿ ಬೀಳೋದೇ ಬಂಪರ್ ಮೇಲೆ ಅಂತ ಎಲ್ಲರಿಗೂ ಗೊತ್ತಿರೋವಾಗ ಅದಕ್ಕೆ ಏನ್ಮಾಡ್ಬೇಕು ಅಂತ ಒಂದು ಸಾಲು ಬರೆಯೋಕೆ ಏನು ಕಷ್ಟವೋ.

ಈಗ ಕಲರ್ ಮ್ಯಾಚ್. ಎಲ್ಲರೂ ಕೇಳೋದು ಇದನ್ನೇ. ಕೋಡ್ ಪ್ರಕಾರ ಬಂದಿರೋ ಬಣ್ಣ ಸರಿಯಾಗೇ ಇದೆ, ಆದ್ರೂ ಹಚ್ಚಿದ ಜಾಗ ಸುತ್ತಲಿನದಕ್ಕಿಂತ ಒಂಚೂರು ಕಪ್ಪಾಗಿ ಕಾಣತ್ತೆ, ಇನ್ನೊಂದು ಕಡೆಯಿಂದ ನೋಡಿದ್ರೆ ಸರಿ ಕಾಣತ್ತೆ. ಮೊದ್ಲು ಬೈಕೊಂಡೆ, ತಪ್ಪು ಕಲರ್ ಕಳ್ಸಿದಾರೆ ಅಂತ. ಆದ್ರೆ ತಪ್ಪು ಕಲರ್‌ದಲ್ಲ. ಮೆಟಾಲಿಕ್ ಪೇಂಟಲ್ಲಿ ಅಲ್ಯೂಮಿನಿಯಂ ಚೂರುಗಳು ಇರತ್ತೆ, ಸ್ಪ್ರೇ ಮಾಡ್ದಾಗ ತೆಳು ಪದರದಲ್ಲಿ ಅವೆಲ್ಲ ಚಾಪೆ ಹಾಸಿದಂಗೆ ಅಡ್ಡಡ್ಡ ಮಲಗತ್ತೆ, ಬೆಳಕು ಒಂದೇ ತರ ಹೊಳೀತದೆ. ಹನಿ ಬಿಟ್ಟಾಗ ಅವು ಮನಸ್ಸಿಗೆ ಬಂದಂಗೆ ಓರೆಕೋರೆ ನಿಲ್ಲತ್ತೆ. ಕಡ್ಡೀಲಾಗ್ಲಿ ಬ್ರಷ್ಷಲ್ಲಾಗ್ಲಿ ಹಚ್ಚೋ ಯಾವ ಕಿಟ್ಟೂ ಇದನ್ನ ಪೂರ್ತಿ ಸರಿ ಮಾಡೋಕಾಗಲ್ಲ. ತೆಳ್ಳಗೆ ಜಾಸ್ತಿ ಸಲ ಹಚ್ಚಿದ್ರೆ ವ್ಯತ್ಯಾಸ ಕಮ್ಮಿ ಆಗತ್ತೆ, ಹೋಗಲ್ಲ. ಬಿಳಿ, ಕೆಂಪು, ಕಪ್ಪು ಅಂತ ಸಾದಾ ಕಲರ್ ಕಾರಿರೋರು ಪುಣ್ಯವಂತರು, ಅವರಿಗೆ ಈ ರಗಳೆನೇ ಇಲ್ಲ. ಪರ್ಲ್ ವೈಟ್ ಇರೋರು ಪಾಪ, ಅದರಲ್ಲಿ ಎಷ್ಟೋ ಬಣ್ಣಕ್ಕೆ ಬೇಸ್ ಬೇರೆ, ಮೇಲೆ ಪರ್ಲ್ ಪದರ ಬೇರೆ, ಎರಡು ಬಾಟ್ಲು ತಗೋಬೇಕು, ಒಂದೇ ಬಾಟ್ಲು ಕೊಟ್ರೆ ಮ್ಯಾಚ್ ಆಗತ್ತೆ ಅಂತ ನಂಬ್ಬೇಡಿ. ಇದ್ರ ಜೊತೆ ವರ್ಷಗಟ್ಲೆ ಬಿಸಿಲಿಗೆ ಕಾರಿನ ಹಳೇ ಪೇಂಟೂ ಸ್ವಲ್ಪ ಮಾಸಿರತ್ತೆ, ಅದಕ್ಕೆ ಬಾಟ್ಲಿನವರು ಏನ್ಮಾಡ್ತಾರೆ.

ಕ್ಲಿಯರ್ ಕೋಟಲ್ಲಿ ಇನ್ನೊಂದು ಎಡವಟ್ಟು. ಮೋಡ ಮುಚ್ಚಿದ್ದ ದಿನ, ಮಳೆ ನಿಂತು ಇನ್ನೂ ಒಂದು ಗಂಟೆ ಆಗಿರ್ಲಿಲ್ಲ, ಇವತ್ತೇ ಮುಗಿಸೋಣ ಅನ್ನೋ ಆತುರದಲ್ಲಿ ಮೂರು ಚುಕ್ಕೆಗೆ ಕ್ಲಿಯರ್ ಬಿಟ್ಟೆ. ಒಣಗೋ ಹೊತ್ಗೆ ಹಾಲು ಚೆಲ್ಲಿದಂಗೆ ಬೆಳ್ಳಗಾಯ್ತು. ದ್ರಾವಕ ಬೇಗ ಆರೋವಾಗ ಮೇಲ್ಮೈ ತಣ್ಣಗಾಗಿ ಗಾಳೀಲಿರೋ ತೇವ ಅದರ ಮೇಲೇ ಕೂತ್ಕೊಳತ್ತೆ, ಅದರಿಂದ ಹೀಗಾಗೋದು. ಮೂರನ್ನೂ ಕಡ್ಡೀಗೆ ಹತ್ತಿ ಸುತ್ತಿ ಥಿನ್ನರಲ್ಲಿ ತೆಗೆದು, ಕೆಳಗಿನ ಕಲರೂ ಜೊತೆಗೆ ಎದ್ದು ಬಂತು, ಮೊದಲಿಂದ ಶುರು. ಬಿಸಿಲಲ್ಲಿ ಕಾದಿರೋ ಬಾನೆಟ್ ಮೇಲೂ ಮಾಡ್ಬೇಡಿ, ಮೇಲಿನ ಪದರ ಬೇಗ ಕೆನೆಗಟ್ಟಿ ಒಳಗಡೆ ಗುಳ್ಳೆ ಸಿಕ್ಕಾಕೊಳ್ಳತ್ತೆ. ನೆರಳು, ಒಣಹವೆ, ಬಾನೆಟ್ ಮುಟ್ಟಿದ್ರೆ ತಣ್ಣಗಿರ್ಬೇಕು.

ಒಂದು ವಾರ ಬಿಟ್ಟು ಮಟ್ಟ ಮಾಡೋ ಕೆಲ್ಸ. ಇದು ಬೇಕಾದ್ರೆ ಮಾಡಿ, ಭಯ ಇದ್ರೆ ಬಿಟ್ಬಿಡಿ. ಕಿಟ್ಟಲ್ಲಿ ಬಂದಿದ್ದ ಪೇಪರ್ 1000 ನಂಬರ್ (ನಂಬರ್ ಕಮ್ಮಿ ಆದಷ್ಟೂ ಪೇಪರ್ ಒರಟು), ಕಾರಿನ ಮೇಲೆ ಅದನ್ನ ಉಜ್ಜೋ ಧೈರ್ಯ ನನಗಿಲ್ಲ, ನೀವೂ ಮಾಡ್ಬೇಡಿ. 2500 ಮತ್ತೆ 3000 ವಾಟರ್ ಪೇಪರ್ ತಂದು, ಪೆನ್ಸಿಲ್ ಹಿಂದಿನ ರಬ್ಬರ್ ಅಗಲಕ್ಕೆ ದುಂಡಗೆ ಕತ್ತರಿಸಿ ಅದಕ್ಕೇ ಅಂಟಿಸ್ದೆ, ಸೋಪ್ ನೀರು ಹಾಕಿ ಎದ್ದಿರೋ ತುದಿ ಮೇಲೆ ಮಾತ್ರ ಮೆಲ್ಲಗೆ ಸುತ್ತಿಸ್ದೆ, ಹತ್ತು ಸುತ್ತಿಗೊಂದ್ಸಲ ಒರೆಸಿ ನೋಡ್ತಾ. ಸುತ್ತಲೂ ಮಬ್ಬಾಯ್ತು, ಗಾಬರಿ ಆಯ್ತು, ಪಾಲಿಶಿಂಗ್ ಕಾಂಪೌಂಡ್ ಹಾಕಿ ಬಟ್ಟೇಲಿ ಐದು ನಿಮಿಷ ಉಜ್ಜಿದ್ಮೇಲೆ ಹೊಳಪು ವಾಪಸ್ ಬಂತು. ಆದ್ರೆ ಮೂಲ ಕ್ಲಿಯರ್ ಕೋಟ್ ಇರೋದೇ 40-50 ಮೈಕ್ರಾನ್ ಸುಮಾರು, ಪ್ರತಿ ಸಲ ಉಜ್ಜಿದಾಗ್ಲೂ ಅದ್ರಲ್ಲೇ ಒಂದು ಪಾಲು ಹೋಗತ್ತೆ, ಪ್ಯಾನೆಲ್ ಅಂಚುಗಳಲ್ಲಿ ಪೇಂಟ್ ಇನ್ನೂ ತೆಳ್ಳಗಿರತ್ತೆ. ಅದಕ್ಕೇ ಡೋರ್ ಅಂಚಿಂದನ್ನ ಮುಟ್ಲೇ ಇಲ್ಲ, ಎದ್ದು ಕಾಣ್ಲಿ ಬಿಡಿ. ವ್ಯಾಕ್ಸ್ ಮಾತ್ರ ಒಂದು ತಿಂಗಳು ಹಾಕ್ಬೇಡಿ, ಹೊಸ ಪೇಂಟ್ ಒಳಗಡೆ ಪೂರ್ತಿ ಆರ್ಲಿ.

ಒಟ್ಟು ದಿನಕ್ಕೆ ಇಪ್ಪತ್ತು ನಿಮಿಷ, ಅರ್ಧ ಗಂಟೆ ಅಂತ ಹತ್ತು ಹನ್ನೆರಡು ದಿನ ಹಿಡೀತು. "10 ನಿಮಿಷದಲ್ಲಿ ಹೊಸ ಕಾರ್" ಅಂತ ಡಬ್ಬಿ ಮೇಲೆ ಬರ್ದಿದಾರೆ, ಬರೆದವರಿಗೆ ಕೈ ಮುಗೀಬೇಕು.

ರಿಸಲ್ಟ್ ಟೆಸ್ಟ್ ಮಾಡಿದ್ದು ಮಗಳು. ಅವಳಿಗೆ ಎಂಟು ವರ್ಷ, ಕಣ್ಣು ಹದ್ದಿಂದು. "ಎಲ್ಲೆಲ್ಲಿ ಹಚ್ಚಿದೀನಿ ಹುಡುಕು ನೋಡೋಣ" ಅಂದೆ. ಮೂರಡಿ ದೂರದಲ್ಲಿ ನಿಂತು ಎರಡು ಸುತ್ತು ಹಾಕಿದ್ಲು, ಬಾನೆಟ್ ಮೇಲಿನ 11ರಲ್ಲಿ ಸಿಕ್ಕಿದ್ದು ಎರಡು, ಅದರಲ್ಲಿ ಒಂದು ಆ ತುಕ್ಕಿಂದು, ದೊಡ್ಡದಲ್ವಾ ಅದಕ್ಕೆ. ಆಮೇಲೆ ಮೂಗು ತಾಗೋಷ್ಟು ಹತ್ರ ಹೋಗಿ "ಅಪ್ಪಾ ಇಲ್ಲೊಂದು, ಇಲ್ಲೊಂದು, ಇಲ್ಲೂ ಇದೆ" ಅಂತ ಎಲ್ಲಾ ತೋರಿಸಿದ್ಲು. ಕೊನೆಗೆ ಡೋರ್ ಹತ್ರ ನಿಂತು, "ಇದು ಗೋಡೇದಲ್ವಾ?" ಅಂತ ಜೋರಾಗಿ ಕೇಳಿದ್ಲು, ಅವರಮ್ಮನಿಗೆ ಕೇಳಿಸೋ ಹಾಗೆ.

ಸ್ಟಾರ್ ಕೊಡ್ಬೇಕಂದ್ರೆ ಪೇಂಟಿಗೆ ಮತ್ತೆ ಕ್ಲಿಯರಿಗೆ 5ಕ್ಕೆ 4, ಜೊತೆ ಕೊಟ್ಟಿರೋ ಪೆನ್ನು, ಪೇಪರ್, ಚೀಟಿ ಇದಕ್ಕೆಲ್ಲ 1. ಮುಂದಿನ ಸಲ ಪೂರ್ತಿ ಕಿಟ್ ತಗೊಳಲ್ಲ, ಕಲರ್ ಮತ್ತೆ ಕ್ಲಿಯರ್ ಬಾಟ್ಲು ಮಾತ್ರ ತಗೊಂಡು ಉಳಿದಿದ್ದು ಬಿಡಿಬಿಡಿಯಾಗಿ ತರ್ತೀನಿ. ಗುಂಡಿ ಕಿರುಬೆರಳ ಉಗುರಿಗಿಂತ ದೊಡ್ಡದಿದ್ರೆ, ಅಥವಾ ತಗಡು ಒಳಗೆ ತಗ್ಗಿದ್ರೆ ಈ ಬಾಟ್ಲಲ್ಲಿ ಆಗಲ್ಲ, ಹಾಗೇ ಕಾರ್ ಮಾರೋಕೆ ಮುಂಚೆ ಚೆಂದ ಕಾಣ್ಲಿ ಅಂತ ತಗೊಳೋರಿಗೂ ಇದು ಬೇಡ. ಲೋಹ ಕಾಣ್ತಿದೆ, ತುಕ್ಕು ಹಿಡಿಯೋಕೆ ಮುಂಚೆ ಮುಚ್ಬೇಕು ಅನ್ನೋರು ಧೈರ್ಯವಾಗಿ ತಗೊಳ್ಳಿ.

ಬಾಟ್ಲು ಮುಚ್ಚೋವಾಗ ಕುತ್ತಿಗೆ ಒರೆಸಿ ಬಿಗಿಯಾಗಿ ಮುಚ್ಚಿ, ನೆಟ್ಟಗೆ ನಿಲ್ಲಿಸಿ ತಂಪಾಗಿರೋ ಕಡೆ ಇಡಿ, ಕಾರ್ ಒಳಗಡೆ ಬಿಸಿಲಲ್ಲಿ ಬಿಡ್ಬೇಡಿ. ನಾನು ಒರೆಸ್ದೆ ಇಟ್ಟು ಕ್ಲಿಯರ್ ಬಾಟ್ಲು ಮುಚ್ಚಳ ಅಂಟ್ಕೊಂಡ್ಬಿಟ್ಟಿದೆ, ಇಕ್ಕಳ ಹಾಕಿ ತಿರುಗಿಸಿದ್ರೂ ಬರ್ತಿಲ್ಲ. ಯಾರಿಗಾದ್ರೂ ಉಪಾಯ ಗೊತ್ತಿದ್ರೆ ಹೇಳಿ, ಮೊನ್ನೆ ಲಾರಿ ಹಿಂದೆ ಹೋಗ್ತಿರ್ಬೇಕಾದ್ರೆ ಬಾನೆಟ್ ಮೇಲೆ ಟಪ್ ಅಂತು.